ನಾಲ್ಕನೇ ಮಹಡಿಯ ಚಕ್ರವರ್ತಿ

ಯೆಸೆನೀಕ್, 2 ಅಕ್ಟೋಬರ್ 1994

ಒಸ್ತ್ರಾವಾ ಮಹಾನಗರದ ನಾಲ್ಕನೇ ಮಹಡಿಯ ಸಾರ್ವಭೌಮೆಯೂ, ಎರಡು ಕೋಣೆ ಒಂದು ಅಡುಗೆಮನೆಯ ಅಖಂಡ ರಾಜ್ಯದ ಒಡತಿಯೂ, ಕೆಟ್ಟು ನಿಂತ ಲಿಫ್ಟಿನ ಬದ್ಧವೈರಿಯೂ, ಬೆಳ್ಳುಳ್ಳಿ ಸೂಪಿನ ಪಟ್ಟದರಸಿಯೂ ಆದ ಬೊಹ್ದಾನಾ ಅತ್ತೆಯವರ ಮನೆಚಪ್ಪಲಿಗಳ ದಿವ್ಯಸನ್ನಿಧಾನಕ್ಕೆ, ಅವರ ತಮ್ಮನ ಮಗನೂ, ಕಡ್ಡಾಯ ಸೈನ್ಯಸೇವೆಯಲ್ಲಿ ಬಂದೂಕು ಹಿಡಿಯಲೊಲ್ಲದೆ ಅದರ ಬದಲಿಗೆ ವೃದ್ಧಾಶ್ರಮದಲ್ಲಿ ಬೆಡ್‌ಪ್ಯಾನ್ ಹಿಡಿದವನೂ ಆದ ಕ್ರಿಶ್ಟೋಫ್ ಮಾಡುವ ಸಾಷ್ಟಾಂಗ ವಿಜ್ಞಾಪನೆ.

ನಾನು ಕ್ಷೇಮ. ಇಲ್ಲಿ ಒಂದು ಬಿಳಿ ಕೋಟು ಕೊಟ್ಟಿದ್ದಾರೆ. ತೋಳು ಮೊಣಕೈಗೇ ಮುಗಿದುಹೋಗುತ್ತದೆ. ಕಿಟಕಿಯಿಂದ ಬೆಟ್ಟ ಕಾಣುತ್ತದಂತೆ. ಮಂಜು ಸರಿದ ದಿನ ನೋಡಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಈಗ ರಾಜಕಾರ್ಯಕ್ಕೆ ಬರೋಣ. ಚಿಕ್ಕ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ನಾನು ಬಿಟ್ಟುಬಂದಿರುವ ಕೆಂಪು ಹಾವು ಬರಿಯ ಹಾವಲ್ಲ. ಅವರು ಝಿಕ್ಮುಂದ್ ಚಕ್ರವರ್ತಿಗಳು. ವಿಷವಿಲ್ಲ, ಕೂಗುವುದಿಲ್ಲ, ಕೂದಲು ಉದುರಿಸುವುದಿಲ್ಲ, ರೇಡಿಯೋ ಜೋರಾಗಿ ಹಾಕುವುದಿಲ್ಲ. ಇಂಥ ಬಾಡಿಗೆದಾರ ನಿಮಗೆ ಈ ಜನ್ಮದಲ್ಲಿ ಸಿಕ್ಕಿಲ್ಲ. ನಾನಂತೂ ಅಲ್ಲವೇ ಅಲ್ಲ. ನೀವು ಸ್ನಾನದ ಮನೆಯಲ್ಲಿದ್ದಾಗ ನಾನು ಸೂಟ್‌ಕೇಸ್ ಎತ್ತಿಕೊಂಡು ಹೊರಟಿದ್ದನ್ನು ಹೇಡಿತನ ಎಂದು ಭಾವಿಸಬಾರದು. ರೈಲಿನ ಹೊತ್ತಾಗಿತ್ತು.

ರಾಜಾಜ್ಞೆಗಳು ಹೀಗಿವೆ. ಮೊದಲ ವಾರ ಯಾರೂ ಮುಟ್ಟಕೂಡದು. ಹೊಸ ಮನೆಗೆ ಬಂದ ಹಾವಿಗೆ ಗಾಬರಿಯಿರುತ್ತದೆ, ಬಚ್ಚಿಟ್ಟುಕೊಂಡರೆ ಬಚ್ಚಿಟ್ಟುಕೊಳ್ಳಲಿ. ಪೆಟ್ಟಿಗೆಯ ಒಂದು ಮಗ್ಗುಲಿಗೆ ದೀಪದ ಬಿಸಿ ಇರಲಿ, ಇನ್ನೊಂದು ತಣ್ಣಗಿರಲಿ. ಎಲ್ಲಿ ಮಲಗಬೇಕೆಂದು ಅವರೇ ತೀರ್ಮಾನಿಸುತ್ತಾರೆ. ನೀರು ದಿನಾ ಬದಲಾಗಬೇಕು. ಮುಚ್ಚಳದ ಮೇಲೆ ಭಾರವಿಡಿ, ಏಕೆಂದರೆ ಚಕ್ರವರ್ತಿಗಳಿಗೆ ದೇಶಾಟನೆಯ ಚಪಲವಿದೆ. ವಾರ ಕಳೆದ ಮೇಲೆ ಒಂದು ಇಲಿ. ಇಲಿಗಳು ನಿಮ್ಮ ಫ್ರೀಜರಿನಲ್ಲಿ, ಐಸ್‌ಕ್ರೀಮ್ ಡಬ್ಬಿಯಲ್ಲಿವೆ.

ಈ ಕೊನೆಯ ವಾಕ್ಯವನ್ನು ಕೂತುಕೊಂಡೇ ಓದಿ ಎಂದು ಮೊದಲೇ ಬರೆಯಬೇಕಿತ್ತು.

ನಿಮ್ಮ ಪಾದಧೂಳಿ,
ಕ್ರಿಶ್ಟೋಫ್


ಒಸ್ತ್ರಾವಾ, 11 ಅಕ್ಟೋಬರ್

ಕ್ರಿಶ್ಟೋಫ್,

ಬೆಳಗಿನ ಜಾವ ಎದ್ದು ಆಸ್ಪತ್ರೆಯ ನೆಲ ಒರೆಸುವವಳಿಗೆ ಚಕ್ರವರ್ತಿ ಬೇಕಾಗಿರಲಿಲ್ಲ. ಗಣಿ ಮುಚ್ಚಿದ ಮೇಲೆ, ಅಲ್ಲಿ ಗಣಿಗಾರರಿಗೆ ದೀಪ ಕೊಡುವ ಕೋಣೆಯಲ್ಲಿದ್ದ ನಾವು ಹೆಂಗಸರೆಲ್ಲ ಹೀಗೇ ಒಂದೊಂದು ಬಕೆಟ್ಟು ಹಿಡಿದುಕೊಂಡಿದ್ದೇವೆ. ಮನೆಗೆ ಬಂದು ಕಾಲು ಚಾಚಿದರೆ ಸಾಕು ಅನ್ನುವ ಹೊತ್ತಿಗೆ ಈ ಪ್ರಾಣಿ ನನ್ನನ್ನೇ ನೋಡುತ್ತಿರುತ್ತದೆ. ಅದಕ್ಕೆ ರೆಪ್ಪೆಯೇ ಇಲ್ಲ. ನನಗೆ ಇದೆ, ಮುಚ್ಚಿಕೊಳ್ಳಲು ಪುರುಸೊತ್ತಿಲ್ಲ.

ಮುಚ್ಚಳದ ಮೇಲೆ ನಿನ್ನ ರೋಸ್ತಿಸ್ಲಾವ್ ಮಾವನ ಗಣಿ ಬೂಟು ಇಟ್ಟಿದ್ದೇನೆ, ಎರಡೂ. ವಾರದ ಮೇಲೆ ಇಲಿ ಕೊಟ್ಟೆ. ಮೂಸಲಿಲ್ಲ. ಮಾರನೆಯ ದಿನ ಒಂದು ಚೂರು ಹಂದಿಯ ಲಿವರ್ ಕೊಟ್ಟೆ, ಹಸಿಯದು. ಬೇಯಿಸಿದ್ದೂ ಕೊಟ್ಟೆ. ಅದು ಹೋಗಿ ಮೂಲೆಯ ಮರದ ತೊಗಟೆಯ ಕೆಳಗೆ ಸೇರಿಕೊಂಡಿತು.

ನಿನಗೆ ಒಂದು ಮಾತು ಹೇಳುತ್ತೇನೆ, ತಮಾಷೆಯಿಲ್ಲದೆ ಓದು. ಕೊನೆಯ ಆ ಚಳಿಗಾಲದಲ್ಲಿ ನಿನ್ನ ಮಾವನ ಮುಂದೆ ನಾನು ಚಮಚ ಹಿಡಿದು ಎಷ್ಟು ನಿಂತಿದ್ದೇನೆ ಅನ್ನುವುದು ನಿನಗೆ ಗೊತ್ತು. ಈ ಮನೆಯಲ್ಲಿ ಇನ್ನೊಂದು ಜೀವ ಊಟ ಬಿಟ್ಟು ಸಾಯುವುದನ್ನು ನಾನು ನೋಡಲಾರೆ, ಹಾವೇ ಆಗಲಿ. ತಿನ್ನಿಸುವುದು ಹೇಗೆ ಬರೆ. ಉದ್ದುದ್ದ ಬಿರುದು ಬೇಡ, ಬೆನ್ನು ನೋಯುತ್ತದೆ.

ಅತ್ತೆ


ಯೆಸೆನೀಕ್, 17 ಅಕ್ಟೋಬರ್

ಬಿರುದು ಬೇಡವೆಂದು ಆಜ್ಞಾಪಿಸಿದ, ಆದ್ದರಿಂದ ಬಿರುದಿಲ್ಲದೆಯೇ ಬಿರುದಾಂಕಿತರಾದ ಅತ್ತೆಯವರಿಗೆ,

ಲಿವರ್! ಅದೂ ಬೇಯಿಸಿದ್ದು! ನಂಚಿಕೊಳ್ಳಲು ಎಲೆಕೋಸಿನ ಉಪ್ಪಿನಕಾಯಿಯನ್ನೂ ಬಡಿಸಿದ್ದಿರಾ?

ಅರಮನೆಯ ಪಾಕಶಾಸ್ತ್ರವನ್ನು ಗಮನವಿಟ್ಟು ಕೇಳಿ. ಹಾವಿಗೆ ಬೇಕಾದ್ದು ಇಡೀ ಇಲಿ, ಮೂಳೆ ಚರ್ಮ ಬಾಲ ಸಮೇತ. ಕಲ್ಲಿನಂತೆ ಹೆಪ್ಪುಗಟ್ಟಿದ್ದನ್ನು ಹಾಗೇ ಕೊಡಬಾರದು. ಹಿಂದಿನ ರಾತ್ರಿ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಡಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿ ನೀರಿನಲ್ಲಿ ಅದ್ದಿ. ಕುದಿಯುವ ನೀರಲ್ಲ, ನೀವು ಕೈ ಇಡಬಹುದಾದಷ್ಟು ಬಿಸಿ. ಒಳಗಿನವರೆಗೂ ಬೆಚ್ಚಗಾಗಬೇಕು. ಒರೆಸಿ, ಉದ್ದನೆಯ ಚಿಮಟದಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬೆರಳಿನಲ್ಲಿ ಹಿಡಿಯಬೇಡಿ. ಬೆಚ್ಚಗಿನ ಇಲಿ ಯಾವುದು, ಬೆಚ್ಚಗಿನ ಅತ್ತೆ ಯಾವುದು ಎಂದು ಚಕ್ರವರ್ತಿಗಳಿಗೆ ಆ ಗಳಿಗೆಯಲ್ಲಿ ತಿಳಿಯುವುದಿಲ್ಲ. ತಿಂದಾದ ಮೇಲೆ ಎರಡು ದಿನ ಎತ್ತಿ ಆಡಿಸಬೇಡಿ, ವಾಂತಿ ಮಾಡಿಕೊಳ್ಳುತ್ತಾರೆ. ಇಲಿ ಮುಟ್ಟಿದ ಕೈಗೆ ಸೋಪು ಕಡ್ಡಾಯ. ಇವೆಲ್ಲ ಪೇಟೆಯಲ್ಲಿ ಹತ್ತಾರು ಹಾವು ಆಡಿಸಿದ ಕೈಯಿಂದ ಬರೆದ ಮಾತು, ನಂಬಿ.

ನನ್ನ ಪಾಲಿಗೂ ಒಬ್ಬ ಉಪವಾಸಿ ಸಿಕ್ಕಿದ್ದಾರೆ: ಅಲ್ಬೀನ್ ತಾತ. ಹಿಂದೆ ಕಾಡಿನ ಅಧಿಕಾರಿ. ಮೂರು ಹೊತ್ತೂ ಅವರಿಗೆ ತಿನ್ನಿಸುವ ಕೆಲಸ ನನ್ನದು. ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಾರೆ. ನಿನ್ನೆ ಚಮಚ ಹಿಡಿದು ನನ್ನದೇ ಬಾಯಿ ತೆರೆದು ತೋರಿಸಿದೆ.

"ತಾತ, ಆ… ಅನ್ನಿ."

"ನಿನ್ ಬಾಯಿ ಹೇಗೂ ತೆರ್ದಿದೆಯಲ್ಲಪ್ಪ, ನೀನೇ ತಿನ್ನು," ಅಂದರು.

ನಾನೇ ತಿಂದೆ. ಚೆನ್ನಾಗಿರಲಿಲ್ಲ. ಅವರ ಕಡೆ ನ್ಯಾಯವಿದೆ.

ಕ್ರಿಶ್ಟೋಫ್


ಒಸ್ತ್ರಾವಾ, 31 ಅಕ್ಟೋಬರ್

ಕ್ರಿಶ್ಟೋಫ್,

ಎರಡು ಸುದ್ದಿ ಇದೆ. ನಾಚಿಕೆಯದು ಮೊದಲು.

ಮೂರನೇ ಮಹಡಿಯ ಹ್ರುಬೇಶ್ ನನ್ನ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿಕೊಟ್ಟರು. ನಾನು ಕರೆದಿರಲಿಲ್ಲ; ನೀರು ಅವರ ಸೂರಿಗೆ ಇಳಿದಿತ್ತಂತೆ, ತಾವೇ ಸ್ಪ್ಯಾನರ್ ಹಿಡಿದುಕೊಂಡು ಬಂದರು. ಆ ಮನುಷ್ಯನ ಜೊತೆ ನಾನು ಮಾತಾಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಯಾಕೆ ಅಂತ ನಿನಗೆ ಗೊತ್ತು. ಕಮ್ಯುನಿಸ್ಟರ ಆ ಕಾಲದಲ್ಲಿ ಈ ಕಟ್ಟಡದ ಉಸ್ತುವಾರಿ ಅವರದೇ. ಯಾರ ಮನೆಗೆ ಯಾರು ಬಂದರು, ಯಾರು ಏನಂದರು ಅಂತ ಮೇಲಕ್ಕೆ ಬರೆದು ಕಳಿಸುವುದೂ ಅವರ ಕೆಲಸ. ನಿನ್ನ ಮಾವ ಬಟ್ಟೆ ಒಗೆಯುವ ಕೋಣೆಯಲ್ಲಿ ಪಕ್ಷದವರ ಮೇಲೆ ಒಂದು ಜೋಕು ಹೇಳಿದರು, ತಿಂಗಳೊಳಗೆ ಮೇಸ್ತ್ರಿ ಕೆಲಸ ಹೋಯಿತು, ಮತ್ತೆ ಸುರಂಗಕ್ಕೇ ಇಳಿದರು. ಆ ಧೂಳೇ ಆಮೇಲೆ ಅವರನ್ನು ತಿಂದಿತು. ಹ್ರುಬೇಶ್ ಒಮ್ಮೆ ಮೆಟ್ಟಿಲ ಮೇಲೆ "ಅದು ನಾನಲ್ಲ" ಅಂದಿದ್ದರು. ಮತ್ತೆ ಯಾರು ಅಂತ ನಾನು ಕೇಳಲಿಲ್ಲ.

ಇರಲಿ. ಈಗ ಮುದುಕ, ಒಂಟಿ. ನಲ್ಲಿ ನಿಂತಿತು. ನಮ್ಮ ಕಡೆ ಬರಿಗೈಯಲ್ಲಿ ಯಾರನ್ನು ಕಳಿಸುತ್ತೇವೆ? ಮೊಮ್ಮಕ್ಕಳು ಬರುತ್ತಾರೆ, ಹಣ್ಣಿನ ಕಡುಬು ಮಾಡುತ್ತೇನೆ ಅಂದಿದ್ದರು, ಫ್ರೀಜರಿನಿಂದ ಬ್ಲೂಬೆರಿ ಡಬ್ಬಿ ತೆಗೆದುಕೊಟ್ಟೆ. ನನ್ನ ಫ್ರೀಜರಿನಲ್ಲಿ ಎಲ್ಲವೂ ಐಸ್‌ಕ್ರೀಮ್ ಡಬ್ಬಿಯಲ್ಲೇ ಇರುವುದು ಅಂತ ಗೊತ್ತಿದ್ದೂ ನೀನು ಇಲಿಗೂ ಅದೇ ಡಬ್ಬಿ ಆರಿಸಿದೆಯಲ್ಲ, ನಿನ್ನ ಬುದ್ಧಿಗೆ ಏನು ಹೇಳಲಿ.

ಸಂಜೆ ಬಾಗಿಲು ತಟ್ಟಿದರು. ಟೋಪಿ ಕೈಯಲ್ಲಿ, ಡಬ್ಬಿ ಕಂಕುಳಲ್ಲಿ.

"ಬೊಹ್ದಾನಾ ಅವ್ರೇ, ಇದು ನಿಮ್ದೇ ಅನ್ಸುತ್ತೆ."

"ಅಯ್ಯೋ ದೇವ್ರೇ."

"ಹಿಟ್ಟು ಕಲಸಿ ಆಗಿತ್ತು," ಅಂದರು. ಆಮೇಲೆ ಡಬ್ಬಿಯನ್ನು ನನ್ನ ಕೈಗಿಟ್ಟು, "ಕಷ್ಟದ ಕಾಲ ಅಂತ ಗೊತ್ತು. ಆದ್ರೆ ಊಟಕ್ಕೆ ಇಷ್ಟು ತೊಂದ್ರೆ ಇದ್ರೆ ನನಗೆ ಹೇಳ್ಬೇಕಿತ್ತು ನೀವು."

ನಾನು ಇಲಿ ತಿಂದು ಬದುಕುತ್ತಿದ್ದೇನೆ ಅಂದುಕೊಂಡರಲ್ಲ! ಒಳಗೆ ಕರೆದು ಹಾವು ತೋರಿಸಲೇಬೇಕಾಯಿತು. ಯಾರಿಗೂ ಹೇಳಬೇಡಿ ಅಂದೆ. ತಲೆಯಾಡಿಸಿದರು. ಈ ಕಟ್ಟಡದಲ್ಲಿ ಹಾವಿನ ವಿಷಯ ಗೊತ್ತಿರುವುದು ಅವರೊಬ್ಬರಿಗೆ.

ಎರಡನೆಯ ಸುದ್ದಿ, ಅದು ತಿಂದಿತು. ನೀನು ಬರೆದ ಹಾಗೇ ಬೆಚ್ಚಗೆ ಮಾಡಿ ಚಿಮಟದಲ್ಲಿ ಹಿಡಿದು ನಿಂತೆ, ತೋಳು ಬಿದ್ದುಹೋಗುವವರೆಗೂ. ತಿನ್ನಲಿಲ್ಲ. ಆಗ ನನಗೆ ಅನ್ನಿಸಿತು, ಎದುರಿಗೆ ಒಬ್ಬಳು ಗುಡ್ಡದ ಹಾಗೆ ನಿಂತು ತಿನ್ನು ತಿನ್ನು ಅಂತ ದಿಟ್ಟಿಸಿದರೆ ಯಾರಿಗೆ ತಾನೇ ಇಳಿಯುತ್ತದೆ? ಇಲಿಯನ್ನು ತೊಗಟೆಯ ಬಾಯಿಗಿಟ್ಟು, ಪೆಟ್ಟಿಗೆಗೆ ಟವೆಲ್ ಮುಚ್ಚಿ, ಹೋಗಿ ಬಟ್ಟೆ ಇಸ್ತ್ರಿ ಮಾಡಿದೆ. ಬಂದು ನೋಡಿದರೆ ಇಲಿ ಇರಲಿಲ್ಲ. ಅದರ ನಡು ಉಬ್ಬಿತ್ತು.

ನಾನು ಅಲ್ಲೇ ಮಂಚದ ತುದಿಯಲ್ಲಿ ಕೂತುಬಿಟ್ಟೆ. ಏಳುವುದಕ್ಕೆ ತುಂಬಾ ಹೊತ್ತು ಬೇಕಾಯಿತು.

ಅತ್ತೆ


ಯೆಸೆನೀಕ್, 9 ನವೆಂಬರ್

ಅತ್ತೆಯವರೇ,

ಬಿರುದಾವಳಿಯ ಕಾರ್ಖಾನೆಗೆ ಇಂದು ರಜೆ. ಒಂಬತ್ತು ಜನರಿಗೆ ಸ್ನಾನ ಮಾಡಿಸಿದೆ. ಹತ್ತನೆಯವನು ನಾನು, ಉಡುಪಿನ ಸಮೇತ.

ನಿಮ್ಮ ಟವೆಲ್ ಶಾಸ್ತ್ರವನ್ನು ಇಲ್ಲಿ ಜಾರಿಗೆ ತಂದೆ. ಅಲ್ಬೀನ್ ತಾತನ ಕೈಗೆ ಚಮಚ ಕೊಟ್ಟು, ಬಟ್ಟಲನ್ನು ಮೊಣಕೈ ಹತ್ತಿರ ಇಟ್ಟು, ಬೆನ್ನು ತಿರುಗಿಸಿ ಕಿಟಕಿಯ ಹೊರಗೆ ನೋಡುತ್ತಾ ನಿಂತೆ. ಮಂಜು ಬಿಟ್ಟು ಏನೂ ಇಲ್ಲ, ಆದರೂ ನೋಡಿದೆ. ಹಿಂದೆ ಚಮಚದ ಸದ್ದು ಕೇಳಿಸಿತು. ತಿರುಗಲಿಲ್ಲ. ಅರ್ಧ ಬಟ್ಟಲು ಖಾಲಿಯಾಗಿತ್ತು, ಇನ್ನರ್ಧ ಹೊದಿಕೆಯ ಮೇಲಿತ್ತು. "ಏನ್ ನೋಡ್ತಿದ್ದೀಯ ಅಷ್ಟೊತ್ತಿಂದ?" ಅಂದರು. "ಬೆಟ್ಟ," ಅಂದೆ. "ಬೆಟ್ಟ ಆ ಕಡೆ ಅಲ್ವೋ ಪೆದ್ದ, ಈ ಕಡೆ," ಅಂದರು. ಬಂದಾಗಿನಿಂದ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಈಗ ಎತ್ತಿಕೊಳ್ಳುವ ವಿದ್ಯೆ. ಮೇಲಿನಿಂದ ಕೈ ಹಾಕಬೇಡಿ. ಮೇಲಿನಿಂದ ಬರುವುದೆಲ್ಲ ಹಾವಿನ ಲೆಕ್ಕದಲ್ಲಿ ಹದ್ದು. ಪಕ್ಕದಿಂದ, ನಿಧಾನವಾಗಿ, ಮೈಯ ನಡುಭಾಗದ ಕೆಳಗೆ ಅಂಗೈ ಕೊಡಿ. ಎರಡೂ ಕೈಯಲ್ಲಿ ಭಾರ ಹೊರಿ, ಬಾಲ ಹಿಡಿದು ತೂಗಬೇಡಿ, ತಲೆ ಒತ್ತಿ ಹಿಡಿಯಬೇಡಿ. ಹಿಸುಕದೆ ಹರಿಯಲು ಬಿಡಿ. ಕಣ್ಣು ಹಾಲಿನಂತೆ ಮಸುಕಾದರೆ ಪೊರೆ ಬಿಡುವ ಕಾಲ. ಆಗ ಮುಟ್ಟುವುದೂ ಬೇಡ, ತಿನ್ನಿಸುವುದೂ ಬೇಡ. ಮೊದಲು ಸ್ವಲ್ಪ ಹೊತ್ತು ಸಾಕು.

ಅಥವಾ ಮುಟ್ಟಲೇಬೇಕೆಂದು ಎಲ್ಲಿದೆ? ಗಾಜಿನ ಆಚೆಯಿಂದ ಗೌರವಿಸುವುದೂ ಒಂದು ಸಂಪ್ರದಾಯ.

ಕ್ರಿಶ್ಟೋಫ್


ಒಸ್ತ್ರಾವಾ, 21 ನವೆಂಬರ್

ಪ್ರೀತಿಯ ಕ್ರಿಶ್ಟೋಫ್,

ಎತ್ತಿಕೊಂಡೆ.

ಮೊದಲು ಎರಡು ದಿನ ಮುಚ್ಚಳ ತೆಗೆಯುವುದು, ಮುಚ್ಚುವುದು, ಅಷ್ಟೇ ಆಯಿತು. ಮೂರನೆಯ ದಿನ ಕೈಗೆ ಸೋಪು ಹಾಕಿ ತೊಳೆದು, ಪಕ್ಕದಿಂದ ಕೊಟ್ಟೆ. ತಣ್ಣಗೆ, ಲೋಳೆಯಾಗಿ ಇರುತ್ತದೆ ಅಂದುಕೊಂಡಿದ್ದೆ. ಒಣಗಿದೆ, ನಯವಾಗಿದೆ, ದೀಪದ ಕಾವಿಗೆ ಬೆಚ್ಚಗೂ ಇದೆ. ಮುಂಗೈಗೆ ಸುತ್ತಿಕೊಂಡು ಅಂಗಿಯ ತೋಳಿನ ಒಳಗೆ ತಲೆ ಇಟ್ಟಿತು. ಹಾಗೇ ಟಿವಿ ವಾರ್ತೆ ಮುಗಿಯುವವರೆಗೂ ಕೂತಿದ್ದೆವು, ಇಬ್ಬರೂ. ದೇಶದಲ್ಲಿ ಏನಾಯಿತು ಅಂತ ಕೇಳಬೇಡ.

ನಾನು ಅದನ್ನು ಕೆಂಪ ಅಂತ ಕರೆಯುತ್ತೇನೆ. ಚಕ್ರವರ್ತಿ ಅಂತ ಕರೆದು ಬೂಟಿನ ಕೆಳಗೆ ಇಡುವುದು ಸರಿಯಲ್ಲ.

ಕ್ರಿಸ್ಮಸ್ಸಿಗೆ ಬರುತ್ತೀಯಲ್ಲ, ಚಿಕ್ಕ ಕೋಣೆ ಗುಡಿಸಿದ್ದೇನೆ. ಪೆಟ್ಟಿಗೆ ಕಿಟಕಿಯ ಹತ್ತಿರ ಚಳಿಗೆ ಸಿಕ್ಕುತ್ತಿತ್ತು, ನಿನ್ನ ಮಂಚದ ತಲೆದೆಸೆಗೆ ತಂದಿಟ್ಟಿದ್ದೇನೆ. ಮಲಗಿಕೊಂಡೇ ನೋಡಬಹುದು. ನಾನು ಹಿಡಿಯುವುದರಲ್ಲಿ ಏನು ತಪ್ಪಿದೆ ಅಂತ ನೀನೇ ಹಿಡಿದು ತೋರಿಸಬೇಕು.

ಅತ್ತೆ


ಯೆಸೆನೀಕ್, 26 ನವೆಂಬರ್

ಅತ್ತೆಯವರೇ,

ತಲೆದೆಸೆಗೆ ಇಟ್ಟ ಗೌರವಕ್ಕೆ ನಾನು ಸರ್ವಥಾ ಯೋಗ್ಯನಲ್ಲ. ರಜೆ ಇನ್ನೂ ಖಚಿತವಿಲ್ಲ. ಜ್ವರಕ್ಕೆ ಅರ್ಧ ಸಿಬ್ಬಂದಿ ಮಲಗಿದ್ದಾರೆ.

ಒಂದು ಯೋಚನೆ. ನಿಮಗೆ ಮೊದಲೇ ಸುಸ್ತು. ಪ್ರಾಣಿಸಂಗ್ರಹಾಲಯದಲ್ಲಿ ಇಂಥವರಿಗೆ ದೊಡ್ಡ ಮನೆ, ಆಳುಕಾಳು ಎಲ್ಲ ಇರುತ್ತದೆ. ಕೊಟ್ಟುಬಿಟ್ಟರೆ ನಾನೇನೂ ತಪ್ಪು ತಿಳಿಯುವುದಿಲ್ಲ.

ಕ್ರಿಶ್ಟೋಫ್


ಒಸ್ತ್ರಾವಾ, 6 ಡಿಸೆಂಬರ್

ಕ್ರಿಶ್ಟೋಫ್,

ನಿನ್ನೆ ಸಂತ ಮಿಕುಲಾಶನ ಸಂಜೆ. ಮೆಟ್ಟಿಲ ಮೇಲೆ ದೆವ್ವದ ವೇಷದವರು ಸರಪಳಿ ಎಳೆದುಕೊಂಡು ಓಡಾಡುತ್ತಿದ್ದರು, ಮಕ್ಕಳು ಕಿರುಚುತ್ತಿದ್ದರು. ಬಾಗಿಲು ತಟ್ಟಿದಾಗ ಅವರೇ ಇರಬೇಕು ಅಂತ ಮಿಠಾಯಿ ಹಿಡಿದುಕೊಂಡು ತೆಗೆದೆ. ನಿಂತಿದ್ದವರು ಕಟ್ಟಡ ಸಂಘದ ಅಧ್ಯಕ್ಷೆ ಕ್ಲಿಮೇಶೋವಾ.

"ಬೊಹ್ದಾನಾ, ಮನೇಲಿ ಹಾವು ಇಟ್ಕೊಂಡಿದ್ದೀಯಂತೆ?"

"ಯಾರು ಹೇಳಿದ್ದು?"

"ಫೋನ್ ಬಂತು. ಗಂಡಸು. ಹೆಸ್ರು ಹೇಳ್ಲಿಲ್ಲ. 'ನಾಲ್ಕನೇ ಮಹಡೀಲಿ ಅಪಾಯಕಾರಿ ಸರೀಸೃಪ ಇದೆ, ಮಕ್ಕಳಿರೋ ಕಟ್ಟಡ, ಹಬ್ಬದೊಳಗೆ ತೆಗೆಸಿ' ಅಂದು ಇಟ್ಟುಬಿಟ್ಟ. ನಾನೇನ್ ಮಾಡ್ಲಿ ಹೇಳು, ಕೇಳಿದ್ಮೇಲೆ ಕೇಳಿಲ್ಲ ಅನ್ನಕ್ಕಾಗಲ್ಲ."

ಹದಿನಾರನೇ ತಾರೀಕು ಸಂಘದ ಸಭೆ ಇದೆ. ಕೈ ಎತ್ತಿಸಿ ತೀರ್ಮಾನ ಮಾಡುತ್ತಾರೆ. ಬೇಡ ಅಂದರೆ ಕೆಂಪ ಹೋಗಬೇಕು. ಈ ಚಳಿಯಲ್ಲಿ ಎಲ್ಲಿಗೆ? ಹೊಸ ಜಾಗ, ಹೊಸ ಕೈ. ಮತ್ತೆ ಊಟ ಬಿಡುತ್ತದೆ. ಇಷ್ಟು ದಿನ ಕಾದು ಕಾದು ತಿನ್ನಲು ಕಲಿಸಿದ್ದೇನೆ.

ಇನ್ನೊಂದು ವಿಷಯವೂ ಇದೆ, ಅದೇ ಹೆಚ್ಚು. ಐದು ವರ್ಷದ ಹಿಂದೆ ಚೌಕದಲ್ಲಿ ಬೀಗದ ಕೈ ಅಲ್ಲಾಡಿಸಿ ಆ ಸರ್ಕಾರವನ್ನು ಇಳಿಸಿ ಬಂದೆವಲ್ಲ, ಇನ್ನು ಮುಗಿಯಿತು, ಹೆಸರಿಲ್ಲದ ಬಾಯಿಗಳು ಮುಚ್ಚಿದವು ಅಂದುಕೊಂಡಿದ್ದೆ. ಮತ್ತೆ ಅದೇ. ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಹೋಗಿ ಮೂರನೇ ಮಹಡಿಯ ಬಾಗಿಲು ಬಡಿದೆ. ಅಕ್ಕಪಕ್ಕದವರು ಹೊರಗೆ ಬಂದರು, ದೆವ್ವದ ವೇಷದ ಹುಡುಗರೂ ನಿಂತು ನೋಡಿದರು.

"ನಲ್ಲಿ ರಿಪೇರಿಗೆ ಬಂದಿದ್ದೋ, ಮನೆ ನೋಡ್ಕೊಂಡು ಹೋಗಕ್ಕೋ?" ಅಂದೆ. "ಹಳೇ ಕೆಲಸ ಬಿಟ್ಟಿರಕ್ಕಾಗ್ಲಿಲ್ಲ ಅಲ್ವಾ?"

ಹ್ರುಬೇಶ್ ಅವರ ಮುಖ ಸುಣ್ಣದ ಹಾಗಾಯಿತು. ಬಾಗಿಲು ಮೆಲ್ಲಗೆ ಹಾಕಿಕೊಂಡರು.

ನೀನು ಸಭೆಗೆ ಬರಬೇಕು. ಒಂದು ಸಂಜೆ ಸಾಕು. ನನ್ನ ತಮ್ಮನ ಮಗ ಹಾವಿನ ವಿಷಯ ಅರೆದು ಕುಡಿದವನು, ಬಂದು ಹಿಡಿದು ತೋರಿಸುತ್ತಾನೆ ಅಂತ ಕ್ಲಿಮೇಶೋವಾಗೆ ಹೇಳಿಬಿಟ್ಟಿದ್ದೇನೆ. ನೆಲ ಒರೆಸುವವಳ ಮಾತನ್ನು ಯಾರು ಕೇಳುತ್ತಾರೆ?

ಅತ್ತೆ


ಯೆಸೆನೀಕ್, 10 ಡಿಸೆಂಬರ್

ಅತ್ತೆಯವರೇ,

ಬರಲಾಗುವುದಿಲ್ಲ. ಜ್ವರದ ಕಥೆ ಬರೆದಿದ್ದೆನಲ್ಲ.

ನೀವು ಸಾಕು. ನನಗಿಂತ ಹೆಚ್ಚು. ಸಭೆಯ ದಿನ ಇಲಿ ಕೊಡಬೇಡಿ. ಹಿಂದಿನ ಎರಡು ದಿನವೂ ಬೇಡ. ಕೈಗೆ ಊಟದ ವಾಸನೆ ಇರಬಾರದು. ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಕೋಟಿನ ಒಳಗೆ ಇಟ್ಟುಕೊಂಡು ಇಳಿಯಿರಿ, ಮೆಟ್ಟಿಲ ಮೇಲೆ ಚಳಿ ಇರುತ್ತದೆ. ಮಕ್ಕಳು ಮುಟ್ಟುತ್ತೇವೆಂದರೆ ಬೆನ್ನಿನ ಮೇಲೆ ಮಾತ್ರ, ತಲೆಯ ಕಡೆಯಿಂದ ಅಲ್ಲ, ಆಮೇಲೆ ಕೈ ತೊಳೆಯಲಿ.

ಹ್ರುಬೇಶ್ ಬಗ್ಗೆ ಅಷ್ಟು ಖಚಿತವಾಗಿ ಹೇಳಬಹುದೇ? ಇಲಿ ಡಬ್ಬಿಯನ್ನು ಗಲಾಟೆ ಮಾಡದೆ ವಾಪಸು ತಂದವರು. ಯಾರೋ ಪೋಲಿ ಹುಡುಗರ ತಮಾಷೆಯೂ ಇದ್ದೀತು. ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಅಲ್ಬೀನ್ ತಾತ ಈಗ ಬಟ್ಟಲು ಪೂರ್ತಿ ಮುಗಿಸುತ್ತಾರೆ. ನಾನು ಬೆನ್ನು ತಿರುಗಿಸಿದರೆ ಮಾತ್ರ.

ಕ್ರಿಶ್ಟೋಫ್


ಒಸ್ತ್ರಾವಾ, 17 ಡಿಸೆಂಬರ್

ಕ್ರಿಶ್ಟೋಫ್,

ನೀನು ಬರಲಿಲ್ಲ. ಕೆಲಸ ಅನ್ನುವುದು ಗೊತ್ತು. ಆದರೂ ಕೊನೆಯ ಟ್ರಾಮ್ ಸದ್ದು ಕೇಳುವವರೆಗೂ ಕಾಯುತ್ತಿದ್ದೆ. ಈ ಮುದುಕಿ, ಅವಳ ಮೆಟ್ಟಿಲು, ಅವಳ ಪಂಚಾಯಿತಿ ಎಲ್ಲ ನಿನಗೆ ಸಾಕಾಗಿದೆಯೇನೋ. ನನಗೂ ಸಾಕಾಗಿದೆ, ಅದಕ್ಕೆ ಬೈಯುವುದಿಲ್ಲ.

ಸಭೆ ಬಟ್ಟೆ ಒಗೆಯುವ ಕೋಣೆಯಲ್ಲಿ. ಜಾಗ ಇರುವುದು ಅಲ್ಲೇ. ನಿನ್ನ ಮಾವ ಜೋಕು ಹೇಳಿದ ಜಾಗದಲ್ಲೇ ನಿಂತು ಚೀಲ ಬಿಚ್ಚಿದೆ. ಮುಂದಿನ ಸಾಲಿನವರು ಹಿಂದಿನ ಸಾಲಿಗೆ ಹೋದರು.

"ಕಚ್ಚುತ್ತಾ?" ಅಂತ ಕ್ಲಿಮೇಶೋವಾ.

"ಇಲಿ ವಾಸನೆ ಇರೋ ಕೈ ಕೊಟ್ರೆ ಕಚ್ಚುತ್ತೆ. ನಿಮ್ ಕೈಯಲ್ಲಿ ಸೆಂಟ್ ವಾಸ್ನೆ ಇದೆ, ಬಿಡಿ."

ಒಬ್ಬರು ನಕ್ಕರು. ಕೆಂಪ ನನ್ನ ಮುಂಗೈಗೆ ಎಂದಿನಂತೆ ಸುತ್ತಿಕೊಂಡಿತು. ಮುಚ್ಚಳಕ್ಕೆ ಚಿಲಕ ಹಾಕಿಸಿದ್ದನ್ನು ಹೇಳಿದೆ, ಮೇಲೆ ಬೂಟಿರುವುದನ್ನೂ ಹೇಳಿದೆ. ಏನು ತಿನ್ನುತ್ತದೆ, ಎಷ್ಟು ದಿನಕ್ಕೊಮ್ಮೆ, ಹೇಗೆ ಎತ್ತಿಕೊಳ್ಳಬೇಕು, ಎಲ್ಲ ನೀನು ಬರೆದ ಹಾಗೆ ಹೇಳಿದೆ. ಕೈ ಅಲ್ಲಾಡದಂತೆ ಹಿಡಿದಿದ್ದೆ. ಅಲ್ಲಾಡಿದರೆ ಅದಕ್ಕೆ ಗೊತ್ತಾಗುತ್ತದೆ. ಎರಡನೇ ಮಹಡಿಯ ಸಣ್ಣ ಹುಡುಗಿ ಬಂದು ಬೆನ್ನು ಸವರಿದಳು. "ಅಮ್ಮಾ, ಇದು ಬೆಚ್ಚಗಿದೆ," ಅಂದಳು.

ಹಾವು ಇರಲಿ ಅನ್ನುವವರು ಕೈ ಎತ್ತಿ ಅಂದರು. ಮೊದಲು ಎದ್ದ ಕೈ ಹ್ರುಬೇಶ್ ಅವರದು, ಹಿಂದಿನಿಂದ. "ಅದು ಯಾರಿಗೂ ಏನೂ ಮಾಡಿಲ್ಲ. ಇರ್ಲಿ ಬಿಡಿ," ಅಂದರು. ಆಮೇಲೆ ಉಳಿದವರೂ ಎತ್ತಿದರು. ಕೆಂಪ ಉಳಿದ.

ತಪ್ಪು ಮಾಡಿದವನ ಮನಸ್ಸು ಹೀಗೇ, ಮೊದಲು ಕೈ ಎತ್ತುವುದು ಅವನೇ. ಮೆಟ್ಟಿಲ ಮೇಲೆ ನನಗಾಗಿ ಕಾದಿದ್ದರು.

"ಬೊಹ್ದಾನಾ ಅವ್ರೇ, ಫೋನ್ ಮಾಡಿದ್ದು ನಾನಲ್ಲ."

"ಆಗ್ಲೂ ನೀವು ಇದನ್ನೇ ಹೇಳಿದ್ರಿ," ಅಂದೆ.

ಅವರು ತಲೆಯಾಡಿಸಿದರು. ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದರು, ಲಿಫ್ಟು ಕೆಟ್ಟಿದೆಯಲ್ಲ. ಅವರು ಅಷ್ಟು ಮುದುಕರಾಗಿದ್ದಾರೆ ಅಂತ ನಾನು ನೋಡಿರಲಿಲ್ಲ.

ಹಬ್ಬದ ಬಿಸ್ಕತ್ತು ಮಾಡಿದ್ದೇನೆ. ಎಲ್ಲ ಮನೆಗೂ ತಟ್ಟೆ ಹಂಚಿ ಆಯಿತು. ನಲ್ಲಿ ರಿಪೇರಿಯ ಮೇಲೆ ಈ ವರ್ಷ ಹ್ರುಬೇಶ್ ಮನೆಗೂ ಒಂದು ಕಳಿಸಬೇಕು ಅಂತ ತಟ್ಟೆ ಎತ್ತಿಟ್ಟಿದ್ದೆ. ಅದನ್ನು ಕಪಾಟಿನ ಒಳಗೆ ವಾಪಸು ಇಟ್ಟೆ. ಇನ್ನು ಆ ಮನುಷ್ಯನಿಗೆ ನಮಸ್ಕಾರವನ್ನೂ ಹೇಳುವುದಿಲ್ಲ, ನಾನು ಬದುಕಿರುವವರೆಗೆ.

ರಜೆ ಸಿಕ್ಕರೆ ಬಾ.

ಅತ್ತೆ


ಯೆಸೆನೀಕ್, 19 ಡಿಸೆಂಬರ್

ಅತ್ತೆ,

ಈ ಪತ್ರ ಸಿಕ್ಕ ಕೂಡಲೇ ಆ ತಟ್ಟೆಯನ್ನು ತೆಗೆದು, ಬಿಸ್ಕತ್ತು ತುಂಬಿ, ಮೂರನೇ ಮಹಡಿಗೆ ಇಳಿಯಿರಿ. ಮುಂದಿನದನ್ನು ಬೇಕಾದರೆ ಆಮೇಲೆ ಓದಿ. ಓದಿದ ಮೇಲೆ ಇಳಿಯಲು ಕಾಲು ಬಾರದಿದ್ದೀತು.

ಫೋನ್ ಮಾಡಿದ್ದು ನಾನು.

ಇಲ್ಲಿನ ಕಾವಲುಗಾರನ ಕೋಣೆಯಿಂದ, ಬಾಯಿಗೆ ಕರವಸ್ತ್ರ ಇಟ್ಟುಕೊಂಡು. 'ಅಪಾಯಕಾರಿ ಸರೀಸೃಪ' ಎಂದು ಬೇರೆ ಯಾರು ಹೇಳುತ್ತಾರೆ? ಕ್ಲಿಮೇಶೋವಾ ಬಂದು ಗದರುತ್ತಾರೆ, ನೀವು ಬೇಸತ್ತು ಹಾವನ್ನು ಎಲ್ಲಿಗಾದರೂ ಕೊಡುತ್ತೀರಿ, ಎಲ್ಲ ಸುಸೂತ್ರ ಎಂದುಕೊಂಡಿದ್ದೆ. ಇಟ್ಟ ಮೇಲೆ ನಕ್ಕೆ ಕೂಡ. ಹೆಸರು ಹೇಳದೆ ಮಾಡಿದ ಫೋನು ಆ ಕಟ್ಟಡದಲ್ಲಿ ಏನರ್ಥ ಕೊಡುತ್ತದೆ ಎಂದು ಹೊಳೆಯಲಿಲ್ಲ. ನನಗೆ ಅದು ಕಥೆ. ನಿಮಗೆ ಅದು ಮಾವನ ಜೀವ.

ನಿಮ್ಮ ಡಿಸೆಂಬರ್ ಆರರ ಪತ್ರ ಬಂದ ದಿನವೇ ಬರೆಯಬೇಕಿತ್ತು. ಬರೆಯಲು ಕೂತು, ಹ್ರುಬೇಶ್ ಆಗಿರಲಾರರು ಎಂಬಷ್ಟನ್ನೇ ಬರೆದೆ. ಪೋಲಿ ಹುಡುಗರ ತಮಾಷೆ ಎಂದೂ ಬರೆದೆ, ಅದೊಂದೇ ನಿಜ. ಮಾವನ ಕಾಲದ ಮಾತು ನನಗೆ ಗೊತ್ತಿಲ್ಲ, ಅವರೋ ಅಲ್ಲವೋ ಹೇಳಲಾರೆ. ಈ ಸಲ ಅವರಲ್ಲ. ಅವರು ಹೇಳಿದ್ದು ಸತ್ಯ. ಅವರಿಗೆ ನೀವೇ ಹೇಳುವುದು ಬೇಡ. ಇಪ್ಪತ್ತಮೂರಕ್ಕೆ ನಾನು ಬರುತ್ತೇನೆ, ಆ ಬಾಗಿಲನ್ನು ನಾನೇ ತಟ್ಟುತ್ತೇನೆ. ಜ್ವರದ ಕಥೆ ಅರ್ಧ ಸುಳ್ಳು; ರಜೆ ಯಾವಾಗಲೋ ಸಿಕ್ಕಿತ್ತು. ಆಮೇಲೆ ನೀವು ನನ್ನನ್ನು ಒಳಗೆ ಬಿಟ್ಟರೆ ನಾಲ್ಕನೆಯದಕ್ಕೆ ಹತ್ತುತ್ತೇನೆ.

ಯಾಕೆ ಮಾಡಿದೆ ಎಂದು ಕೇಳುತ್ತೀರಿ. ದೊಡ್ಡ ಕಾರಣವಿದ್ದಿದ್ದರೆ ಬರೆಯಲು ಮರ್ಯಾದೆಯಾದರೂ ಇರುತ್ತಿತ್ತು. ನೀವು ಪೆಟ್ಟಿಗೆಯನ್ನು ನನ್ನ ತಲೆದೆಸೆಗೆ ತಂದಿಟ್ಟಿರಿ.

ಆ ಹಾವು ಗೆಳೆಯರ ಎದುರು ಜಂಭಕ್ಕೆ ಕೊಂಡದ್ದು, ಅತ್ತೆ. ನಿಮಗೆ ಬರೆದದ್ದೆಲ್ಲ ಇಲ್ಲಿನ ಗ್ರಂಥಾಲಯದ ಪುಸ್ತಕದಿಂದ ಇಳಿಸಿದ್ದು. ಹೆದರಿಕೆಗೆ ನಾನು ಅದನ್ನು ಒಂದು ಸಲವೂ ಮುಟ್ಟಿಲ್ಲ. ಪೇಟೆಯಿಂದ ಟ್ರಾಮಿನಲ್ಲಿ ತಂದ ದಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಾಗದೆ ಎದುರು ಸೀಟಿನ ಮೇಲಿಟ್ಟೆ. ಟಿಕೆಟ್ ತಪಾಸಣೆಯವನು ಸೀಟು ಖಾಲಿ ಮಾಡು ಎಂದರೆ ಎತ್ತಿಕೊಳ್ಳಬೇಕಾಗುತ್ತದಲ್ಲ ಎಂದು ಹೆದರಿ, ಅದಕ್ಕೂ ಒಂದು ಟಿಕೆಟ್ ಕೊಂಡಿದ್ದೆ.

ಕ್ರಿಶ್ಟೋಫ್